ಉಡುಪಿಯವರಿಗೆ ಕೊಟ್ಟ ಮನೆ

ಮನೆ ನೋಡಲು ಹೋಗುತ್ತಿದ್ದವರು ತೃಷಾ ಮತ್ತು ಗೌರವ್. ಆದರೆ ಹೋದ ಕಡೆಯೆಲ್ಲ ಮನೆಯವರೇ ಇವರನ್ನು ನೋಡಿ ಕಳಿಸಿದರು. ಬರೀ ನೋಡಿದ್ದರೆ ತೃಷಾ ಸಹಿಸಿಕೊಳ್ಳುತ್ತಿದ್ದಳು. ಮೂಸಿದರು. ಬಾಗಿಲು ತೆಗೆದವರ ಮೂಗಿನ ಹೊಳ್ಳೆ ಮೊದಲು ಅರಳುತ್ತಿತ್ತು, ಬಾಯಿ ಆಮೇಲೆ ನಗುತ್ತಿತ್ತು. ಸ್ನಾನ ಮಾಡಿ, ಇಸ್ತ್ರಿ ಹಾಕಿದ ಬಟ್ಟೆ ಉಟ್ಟು ಹೋದರೂ ಅದೇ. ಮನೆ ಹುಡುಕಲು ಶುರುಮಾಡಿದ ಮೇಲೆ ಅವಳು ತಲೆಗೆ ತೆಂಗಿನೆಣ್ಣೆ ಹಚ್ಚುವುದನ್ನೇ ಬಿಟ್ಟುಬಿಟ್ಟಿದ್ದಳು. ಹಾಗೆ ಬಿಟ್ಟದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಗಿತ್ತು.

ಅಸಹ್ಯಕ್ಕೇನು, ಆ ದಿನಗಳಲ್ಲಿ ಅವಳಿಗೆ ಅದು ಧಾರಾಳವಾಗಿ ಆಗುತ್ತಿತ್ತು. ಬಸುರಿ. ಮೂರು ತಿಂಗಳು ದಾಟಿದರೆ ವಾಂತಿ ನಿಲ್ಲುತ್ತದೆ ಅಂದವರೆಲ್ಲ ಸುಳ್ಳು ಹೇಳಿದ್ದರು. ಲಿಫ್ಟಿನ ವಾಸನೆ, ಕಟ್ಟಡದಡಿಯ ಖಾಲಿ ಜಾಗ ವಾಯ್ಡ್ ಡೆಕ್ಕಿನಲ್ಲಿ ಒರೆಸಿ ಬಿಟ್ಟ ಒದ್ದೆ ಮಾಪಿನ ವಾಸನೆ, ಎಂಆರ್‌ಟಿ ರೈಲಿನಲ್ಲಿ ಪಕ್ಕದಲ್ಲಿ ನಿಂತವನ ತಲೆಯ ಜೆಲ್ಲಿನ ವಾಸನೆ, ಯಾವುದೂ ಅವಳನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಕೆಲಸ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ, ಬ್ಯಾಂಕೊಂದರ ಬ್ಯಾಕ್ ಆಫೀಸಿನಲ್ಲಿ. ವಾಸ ಸೆಂಬವಾಂಗ್‌ನಲ್ಲಿ. ಸಿಂಗಾಪುರದ ಈ ತುದಿಯಿಂದ ಆ ತುದಿಗೆ ದಿನಾ ಒಂದು ಪ್ಲಾಸ್ಟಿಕ್ ಚೀಲ ಕೈಯಲ್ಲಿ ಹಿಡಿದೇ ಹೋಗುತ್ತಿದ್ದಳು. ಗೌರವ್‌ನ ಕೆಲಸ ಸೆಲೆಟಾರ್‌ನಲ್ಲಿ, ವಿಮಾನಗಳ ರಿಪೇರಿ. ಅವನಿಗೆ ಸೆಂಬವಾಂಗ್ ಹತ್ತಿರ ಅಂತಲೇ ಮದುವೆಯಾದ ಮೇಲೆ ಅಲ್ಲೊಂದು ರೂಮು ಹಿಡಿದಿದ್ದರು.

ರೂಮು ಅಂದರೆ ರೂಮೇ. ಚೀನೀ ಆಂಟಿಯೊಬ್ಬಳ ಫ್ಲಾಟಿನಲ್ಲಿ ಒಂದು ಕೋಣೆ. ಅಡುಗೆ ಮಾಡುವಂತಿಲ್ಲ. ಕೆಟಲ್‌ನಲ್ಲಿ ನೀರು ಕಾಯಿಸಬಹುದು, ಅದೂ ಬಾಗಿಲು ಹಾಕಿಕೊಂಡು. ಇಷ್ಟು ದಿನ ಹಾಕರ್ ಸೆಂಟರಿನ ಸಾಲು ಅಂಗಡಿಗಳ ಊಟದಲ್ಲಿ ಕಾಲ ಕಳೆದಿತ್ತು. ಹೊಟ್ಟೆ ಸ್ವಲ್ಪ ಮುಂದೆ ಬಂದದ್ದೇ ಆಂಟಿಯ ಕಣ್ಣು ಅಲ್ಲಿಗೆ ಹೋಯಿತು. "ಬೇಬಿ ಕ್ಯಾನಾಟ್ ಲಾ. ಅಳತ್ತೆ, ನಾನು ಮಲಗೋದು ಹೇಗೆ," ಎನ್ನುವ ಅರ್ಥದಲ್ಲಿ ಅವಳು ಇಂಗ್ಲಿಷಿನಲ್ಲಿ ಹೇಳಿ, ಈ ತಿಂಗಳು ಮುಗಿಯುವುದರೊಳಗೆ ಖಾಲಿ ಮಾಡಿ ಅಂದಳು. ಅನ್ನುವಾಗ ಒಂದು ಕಿತ್ತಳೆ ಹಣ್ಣನ್ನೂ ಕೊಟ್ಟಳು. ಬಸುರಿಗೆ ಒಳ್ಳೆಯದಂತೆ.

ತೃಷಾಗೆ ಬೇಕಾಗಿದ್ದದ್ದು ಇಷ್ಟೆ: ಒಂದು ಅಡುಗೆಮನೆ ಇರುವ ಮನೆ, ಅವಳಮ್ಮ ಸುಂದರಿ ಕಟಪಾಡಿಯಿಂದ ಬಂದು ಇಳಿಯಬಹುದಾದ ಮನೆ. ಹೆರಿಗೆಗೆ ಊರಿಗೆ ಹೋಗೋಣವೆಂದರೆ ಅವಳ ಕೆಲಸ ಹೊಸದು, ಅಷ್ಟು ರಜೆ ಸಿಗುವುದಿಲ್ಲ. ಅಮ್ಮನೇ ಬರಬೇಕು. ಅಮ್ಮನ ಪಾಸ್‌ಪೋರ್ಟ್ ಬಂದು ಕೂತಿತ್ತು. ದಿನಾ ಫೋನ್ ಮಾಡಿ ಸುಂದರಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಮನೆ ಆಯಿತಾ ಮಗಾ?"

"ಆಗ್ತದಮ್ಮ. ಇಲ್ಲಿಯ ಚೀನಾದವರು ನಮಗೆ ಕೊಡ್ಲಿಕ್ಕೆ ಸ್ವಲ್ಪ ಹಿಂದೆ ಮುಂದೆ ನೋಡ್ತಾರೆ. ಅಡುಗೆ ವಾಸನೆ ಅಂತ."

"ಅವರು ತಿನ್ನುವುದಕ್ಕೆ ವಾಸನೆ ಇಲ್ವಾ?" ಎಂದು ಕೇಳಿ ಸುಂದರಿ ಫೋನಿಡುತ್ತಿದ್ದಳು.

ಹಿಂದೆ ಮುಂದೆ ನೋಡುವುದು ಅಂತ ತೃಷಾ ಅಮ್ಮನಿಗೆ ಹೇಳಿದ್ದು ಮರ್ಯಾದೆಗೆ. ನಡೆದದ್ದು ಬೇರೆ. ಏಜೆಂಟರು ಫೋನಿನಲ್ಲಿ ಹೆಸರು ಕೇಳಿದ ಕೂಡಲೇ "ಇಂಡಿಯನ್ ಆ?" ಅನ್ನುತ್ತಿದ್ದರು. ಹೌದು ಅಂದರೆ, "ಸಾರಿ ಆ, ಓನರ್‌ಗೆ ಬೇಡವಂತೆ. ನಾನಲ್ಲ, ಓನರ್." ಆ ಊರಿನಲ್ಲಿ ಯಾರೂ ಖುದ್ದು ಕೆಟ್ಟವರಲ್ಲ, ಎಲ್ಲ ಓನರೇ. ಓನರ್ ಸಿಕ್ಕರೆ ಅವನೂ ಹೇಳುತ್ತಿದ್ದ, ನನಗೇನಿಲ್ಲ, ನೆರೆಯವರು ದೂರು ಕೊಡುತ್ತಾರೆ ಅಂತ. ಆ ನೆರೆಯವರನ್ನೂ ಒಮ್ಮೆ ಹುಡುಕಿ ಹೋಗಿ ಕೇಳಿದ್ದರೆ ಅವರು ಇನ್ಯಾರ ಕಡೆ ಕೈ ತೋರಿಸುತ್ತಿದ್ದರೋ.

ಯಿಷುನ್‌ನಲ್ಲಿ ನೋಡಿದ ಒಂದು ಮನೆಯನ್ನು ಅವಳು ಸಾಯುವ ತನಕ ಮರೆಯಲಾರಳು. ಓನರ್ ಒಬ್ಬ ದಪ್ಪನೆಯ ಅಂಕಲ್. ಬನಿಯನ್ ಎತ್ತಿ ಹೊಟ್ಟೆಗೆ ಗಾಳಿ ಹಾಕಿಕೊಳ್ಳುತ್ತ ಬಾಗಿಲು ತೆಗೆದ. ಹಿಂದಿನ ಬಾಡಿಗೆಯವರು ಬಿಟ್ಟುಹೋದ ಹಾಸಿಗೆ ಹಾಲಿನಲ್ಲೇ ಒರಗಿಸಿಟ್ಟಿತ್ತು. ಅದರ ಮೇಲೆ ಮನುಷ್ಯ ಮಲಗಿದ ಆಕಾರದಲ್ಲೇ ಹಳದಿ ಕಲೆ. ಬಚ್ಚಲಿನ ತೂತಿನಲ್ಲಿ ಯಾರದೋ ಕೂದಲು ಸುತ್ತಿಕೊಂಡು ಇಷ್ಟು ದಪ್ಪ ಉಂಡೆಯಾಗಿ ಕೂತಿತ್ತು. ಫ್ರಿಜ್ ತೆರೆದರೆ ಜಿರಲೆಗಳು ತಮ್ಮ ಮನೆಗೇ ಯಾರೋ ಬಂದರು ಎಂಬಂತೆ ನಿಧಾನವಾಗಿ ಸರಿದವು. ಅಡುಗೆಮನೆಯ ಗೋಡೆಯಿಂದ ಹಂದಿ ಹುರಿದ ಎಣ್ಣೆ ಕಂದು ಬಣ್ಣಕ್ಕೆ ಗಟ್ಟಿಯಾಗಿ ಇಳಿಬಿದ್ದಿತ್ತು. ಆ ಗೋಡೆಗೆ ಕೈಯೂರಿ ನಿಂತುಕೊಂಡು ಆ ಅಂಕಲ್ ಕೇಳಿದ, "ನೀವು ಇಂಡಿಯನ್ಸು ಅಡುಗೆಗೆ ತುಂಬಾ ಎಣ್ಣೆ ಹಾಕ್ತೀರಂತೆ, ಹೌದಾ?"

ತೃಷಾ ಉತ್ತರ ಕೊಡುವುದಕ್ಕೆ ಬಾಯಿ ತೆರೆದಳು. ಹೊರಗೆ ಬಂದದ್ದು ಉತ್ತರವಲ್ಲ. ಪ್ಲಾಸ್ಟಿಕ್ ಚೀಲ ಹಿಡಿದಿದ್ದರಿಂದ ಅಂಕಲ್‌ನ ನೆಲ ಉಳಿಯಿತು. ಉಳಿಸಬೇಕಾದ ನೆಲವೇನೂ ಅದಾಗಿರಲಿಲ್ಲ. ಆ ಮನೆಯೂ ಇವರಿಗೆ ಸಿಗಲಿಲ್ಲ ಅನ್ನುವುದು ಬೇರೆ ಮಾತು. ಅಂಕಲ್‌ಗೆ ಇವರು ಹಿಡಿಸಲಿಲ್ಲವಂತೆ.

ಹೀಗಿರುವಾಗ ದ್ವಾರಕನಾಥ್ ಅವರ ಫ್ಲಾಟಿನ ಸುದ್ದಿ ತಂದವನು ಕಾಂತಪ್ಪ. ಗೌರವ್‌ನ ಹ್ಯಾಂಗರಿನಲ್ಲೇ ಸೀನಿಯರ್, ಪಡುಬಿದ್ರಿಯವನು. ಇವರಿಬ್ಬರೂ ಸಿಂಗಾಪುರಕ್ಕೆ ಬಂದಿಳಿದ ದಿನ ಏರ್‌ಪೋರ್ಟಿಗೆ ಬಂದು, ತನ್ನ ಮನೆಗೆ ಕರೆದೊಯ್ದು ಊಟ ಹಾಕಿದವನು. ಅವನ ಮಾತಿನ ಪ್ರಕಾರ ಫ್ಲಾಟು ಸೆಂಬವಾಂಗ್‌ನಲ್ಲೇ ಇತ್ತು, ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದರು.

"ನಾನೇ ಮೊದಲು ಕೇಳಿದ್ದು ಮಾರಾಯ," ಎಂದ ಕಾಂತಪ್ಪ. "ಹೆಂಡತಿಯನ್ನೂ ಕರಕೊಂಡು ಹೋಗಿ ನೋಡಿ ಬಂದೆ. ಮರುದಿನ ಫೋನ್ ಮಾಡಿ, ಬೇರೆಯವರಿಗೆ ಕೊಟ್ಟಾಯ್ತು ಅಂದ್ರು. ಈಗ ನೋಡಿದ್ರೆ ಪುನಃ ಗ್ರೂಪಿನಲ್ಲಿ ಬಂದಿದೆ. ಆ ಪಾರ್ಟಿ ಕೈಕೊಟ್ಟಿರಬೇಕು. ನನಗೇನು ಈಗ ಅವಸರ ಇಲ್ಲ, ನೀವು ಕೇಳಿ. ಒಳ್ಳೆ ಜನ, ನಮ್ಮ ಕನ್ನಡದವರು."

ಕನ್ನಡದವರು ಅನ್ನುವ ಒಂದು ಮಾತಿಗೆ ತೃಷಾಳ ಎದೆ ಹಗುರಾಯಿತು. ಆ ಶನಿವಾರ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡೇ ಹೋದಳು.

ಮನೆ ಎಂಟನೇ ಮಹಡಿಯಲ್ಲಿತ್ತು. ಒಳಗೆ ಕಾಲಿಟ್ಟಾಗ ಅವಳಿಗೆ ಮೊದಲು ತಿಳಿದದ್ದು, ಏನೂ ವಾಸನೆ ಬರುತ್ತಿಲ್ಲ ಅನ್ನುವುದು. ಕಿಟಕಿಗಳೆಲ್ಲ ತೆರೆದು ಗಾಳಿ ಓಡಾಡುತ್ತಿತ್ತು. ನೆಲ ಒರೆಸಿ ಹೊಳೆಯುತ್ತಿತ್ತು. ಅಡುಗೆಮನೆಯಲ್ಲಿ ಎರಡು ಒಲೆ, ಸಿಂಕಿನ ಮೇಲೆ ಬೆಳಕು ಬೀಳುವ ಕಿಟಕಿ, ಅಮ್ಮ ಕೂತು ತರಕಾರಿ ಹೆಚ್ಚುವಷ್ಟು ಜಾಗ. ಸಣ್ಣ ಕೋಣೆಗೆ ಇಣುಕಿ ನೋಡಿದಳು. ಇಲ್ಲಿ ಅಮ್ಮ ಮಲಗಬಹುದು, ಅವಳ ಪಕ್ಕದಲ್ಲಿ ಮಗು. ಹೊಟ್ಟೆ ಬಹಳ ದಿನಗಳ ಮೇಲೆ ತಣ್ಣಗೆ ಕೂತಿತ್ತು. ಈ ಮನೆ ಬೇಕೇ ಬೇಕು ಅನ್ನಿಸಿತು ಅವಳಿಗೆ, ಅಂಗಡಿಯಲ್ಲಿ ಮಕ್ಕಳು ಹಟ ಹಿಡಿಯುತ್ತಾರಲ್ಲ, ಹಾಗೆ.

ಮನೆಯವರು ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ದ್ವಾರಕನಾಥ್ ಮೆತ್ತಗಿನ ಮನುಷ್ಯ, ಸೋಫಾದ ತುದಿಯಲ್ಲಿ ಕೂತು ಫೋನ್ ನೋಡುತ್ತಿದ್ದರು. ಮಾತು ಪೂರ್ತಿ ನಳಿನಿಯದು. ಬೆಂಗಳೂರಿನ ಬಸವನಗುಡಿ ಕಡೆಯವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಇಲ್ಲಿನವರೇ ಆಗಿಹೋದರು, ಈಗ ಇರುವುದು ಕಾಂಡೋದಲ್ಲಿ, ಅಂದರೆ ದುಬಾರಿ ಖಾಸಗಿ ಅಪಾರ್ಟ್ಮೆಂಟಿನಲ್ಲಿ.

"ಕೂತ್ಕೊಳಿ ಕೂತ್ಕೊಳಿ. ಎಷ್ಟನೇ ತಿಂಗಳಮ್ಮ? ಮುಖ ನೋಡಿದ್ರೇ ಗೊತ್ತಾಗತ್ತೆ, ಸರಿಯಾಗಿ ಏನೂ ತಿಂತಿಲ್ಲ ಅಂತ," ಎಂದು ನಳಿನಿ ತೃಷಾಳ ಕೈ ಹಿಡಿದು ಕೂರಿಸಿದರು. "ಊರು ಯಾವ್ದು ನಿಮ್ದು?"

"ಉಡುಪಿ," ಎಂದ ಗೌರವ್. ಅವನದು ಕಾಪು, ಅವಳದು ಕಟಪಾಡಿ. ಆದರೆ ಘಟ್ಟದ ಮೇಲಿನವರಿಗೆ ಅದನ್ನೆಲ್ಲ ಬಿಡಿಸಿ ಹೇಳುತ್ತ ಕೂರುವುದಕ್ಕಿಂತ ಉಡುಪಿ ಅನ್ನುವುದು ಸಲೀಸು. ಕರಾವಳಿಯವರೆಲ್ಲ ಹಾಗೆಯೇ ಹೇಳುವುದು.

ನಳಿನಿಯ ಮುಖ ಅರಳಿತು. "ಅಯ್ಯೋ, ಉಡುಪಿಯವರಾ? ಹಾಗಿದ್ರೆ ಇನ್ನು ಕೇಳೋದೇ ಬೇಡ ಬಿಡಿ. ರೀ, ಕೇಳಿಸ್ತಾ, ಉಡುಪಿಯವರಂತೆ."

ದ್ವಾರಕನಾಥ್ ಫೋನಿನಿಂದ ತಲೆ ಎತ್ತಿ, "ಓ, ವೆರಿ ಗುಡ್, ವೆರಿ ಗುಡ್," ಎಂದರು.

"ನಮ್ಮನೆ ಪಕ್ಕದಲ್ಲೇ ಒಂದು ಉಡುಪಿ ಹೋಟ್ಲಿತ್ತು. ಎಂಥ ಮಡಿ, ಎಂಥ ಕ್ಲೀನು. ಆ ಭಟ್ಟರ ಸಾಂಬಾರು ಈಗ್ಲೂ ನೆನಪಿದೆ ನಂಗೆ. ನಿಮ್ಮ ಕಡೆಯವರ ಕೈಗೆ ಅಡುಗೆಮನೆ ಕೊಟ್ರೆ ಯೋಚನೇನೇ ಇಲ್ಲ."

ಬಸವನಗುಡಿಯವರ ಉಡುಪಿಯಲ್ಲಿ ಒಂದು ದೇವಸ್ಥಾನ ಇರುತ್ತದೆ, ಒಂದು ಹೋಟೆಲು ಇರುತ್ತದೆ, ಬಾಳೆಲೆ ಇರುತ್ತದೆ. ಸಮುದ್ರ ಇರುವುದಿಲ್ಲ. ಮಲ್ಪೆಯ ಬಂದರು, ಬೆಳಗಾಗುವ ಮುಂಚೆ ಬುಟ್ಟಿ ಹೊತ್ತು ಹೊರಡುವ ಹೆಂಗಸರು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಮನೆಗಳ ಹಂಚಿನಡಿಯಿಂದ ಬರುವ ಬಂಗುಡೆ ಸಾರಿನ ಪರಿಮಳ, ಇದೆಲ್ಲ ಬೇರೆ ಯಾವುದೋ ದೇಶದಲ್ಲಿರಬೇಕು. ತೃಷಾಗೆ ನಗು ಬಂತು. ಆಂಟಿ, ನಾವು ಆ ಉಡುಪಿಯವರಲ್ಲ ಅಂತ ಆಗಲೇ ಹೇಳಿಬಿಡಬೇಕಿತ್ತು. ಹೇಳುತ್ತಿದ್ದಳೋ ಏನೋ. ಅಷ್ಟರಲ್ಲಿ ನಳಿನಿ ತಮ್ಮ ಕಥೆ ಶುರುಮಾಡಿದರು.

ಅವರು ಹೊಸದಾಗಿ ಬಂದಾಗ ಮಗಳು ವರ್ಣಿಕಾ ಇನ್ನೂ ಕಂಕುಳಲ್ಲಿದ್ದಳಂತೆ. ಒಬ್ಬ ಓನರ್, ಒಗ್ಗರಣೆ ವಾಸನೆ ಬರುತ್ತದೆ ಅಂತ ಹೇಳಿ ಮನೆಯಿಂದ ಎಬ್ಬಿಸಿದನಂತೆ. ಬಸ್ ಸ್ಟಾಪಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಸೂಟ್‌ಕೇಸುಗಳ ಮಧ್ಯೆ ಕೂತು ಅತ್ತದ್ದನ್ನು ಹೇಳುವಾಗ ನಳಿನಿಯ ಕಣ್ಣು ಈಗಲೂ ತುಂಬಿಬಂತು. "ಸಾಸಿವೆ, ಕರಿಬೇವು, ಇಂಗು. ಅದು ವಾಸನೇನಾ? ನಾವೇನು ಮನುಷ್ಯರಲ್ವಾ ಅನ್ನಿಸಿಬಿಡ್ತು ಕಣಮ್ಮ ಅವತ್ತು."

ತೃಷಾ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಯಿಷುನ್ನಿನ ಅಂಕಲ್‌ನ ಸಂಗತಿ ಹೇಳಿದಳು. ಇಬ್ಬರೂ ಅದನ್ನು ನೆನೆದು ನಕ್ಕರು, ಬೈದರು. ಅವಳಿಗೆ ಹೇಳಲಾಗದಷ್ಟು ಸಮಾಧಾನವಾಯಿತು.

"ಅದಕ್ಕೇ ನಾನು ಡಿಸೈಡ್ ಮಾಡಿದ್ದು, ನಮ್ಮ ಮನೆ ಇದ್ರೆ ಅದನ್ನ ನಮ್ಮವರಿಗೇ ಕೊಡ್ಬೇಕು ಅಂತ," ಎಂದರು ನಳಿನಿ. ಆಮೇಲೆ ದನಿ ತಗ್ಗಿಸಿದರು. "ಹಾಗಂತ ಕನ್ನಡ ಮಾತಾಡೋರಿಗೆಲ್ಲ ಕೊಡೋಕಾಗತ್ತಾ? ಹೋದ ವಾರ ಒಬ್ರು ಬಂದಿದ್ರು, ಕಾಂತಪ್ಪನೋ ಏನೋ ಹೆಸರು. ಗಂಡ ಹೆಂಡ್ತಿ. ಫಿಶ್ ಮಾಡ್ತೀವಿ ಆಂಟಿ ಅಂತ ಬಾಗಿಲಲ್ಲೇ ಹೇಳಿಬಿಟ್ರು. ಏನೋ ದೊಡ್ಡ ವಿಷ್ಯ ಹೇಳೋ ಥರ. ಅವರು ಇಲ್ಲೇ ಕೂತಿದ್ರು ನೋಡಿ, ಈ ಸೋಫಾ ಮೇಲೆ. ಹೋದ್ಮೇಲೆ ನಾನು ಕವರ್ ತೆಗೆದು ವಾಶ್‌ಗೆ ಹಾಕ್ದೆ. ಸೈಕಾಲಜಿಕಲ್ ಇರಬಹುದು, ಆದ್ರೆ ವಾಸನೆ ಬಂದಹಾಗೇ ಆಯ್ತು ನಂಗೆ." ಅಂದು ಮೂಗಿನ ಮುಂದೆ ಕೈ ಬೀಸಿಕೊಂಡು ನಕ್ಕರು.

ಗೌರವ್ ನಕ್ಕ.

ನಗಬೇಕಾಗಿ ಬಂದು ನಕ್ಕ ಹಾಗೆ ಇರಲಿಲ್ಲ. ಹೊಟ್ಟೆಯಿಂದ ಬಂದ ನಗುವಿನಷ್ಟೇ ಚೆನ್ನಾಗಿತ್ತು ಅದು. "ಅಂಥವರಿಗೆ ಹೇಗೆ ಕೊಡೋಕಾಗುತ್ತೆ ಬಿಡಿ ಆಂಟಿ," ಎಂದ, ಅಪ್ಪಟ ಬೆಂಗಳೂರು ಕನ್ನಡದಲ್ಲಿ. ಆ ಕನ್ನಡ ಅವನಿಗೆ ಬರುತ್ತದೆ ಅಂತಲೇ ತೃಷಾಗೆ ಗೊತ್ತಿರಲಿಲ್ಲ.

ಸೋಫಾ ಅವಳ ತೊಡೆಯ ಕೆಳಗೆ ಚುಚ್ಚಿದಂತಾಯಿತು. ಕಾಂತಪ್ಪಣ್ಣನ ಹೆಂಡತಿ ಇವರು ಬಂದಿಳಿದ ದಿನ ಮಾಡಿ ಬಡಿಸಿದ ಅಂಜಲ್ ಮೀನಿನ ಫ್ರೈಯನ್ನು ಹೊಗಳಿ ಹೊಗಳಿ ಮೂರು ಸಲ ಹಾಕಿಸಿಕೊಂಡ ಬಾಯಿ ಅದು. ಗಂಡನ ಬಾಯನ್ನು ಅವಳು ಅಷ್ಟು ಹತ್ತಿರದಿಂದ, ಅಷ್ಟು ಹೇಸಿಗೆಯಿಂದ ಎಂದೂ ನೋಡಿರಲಿಲ್ಲ. ತುಟಿಯ ಅಂಚಿನಲ್ಲಿ ನಳಿನಿ ಕೊಟ್ಟ ಕೋಡುಬಳೆಯ ಪುಡಿ ಅಂಟಿಕೊಂಡಿತ್ತು.

ಭಾನುವಾರ ಒಳ್ಳೆಯ ದಿನ, ಹಾಲು ಉಕ್ಕಿಸಿ ಬೀಗದ ಕೈ ಕೊಡುತ್ತೇನೆ ಅಂತ ನಳಿನಿ ಹೇಳಿ ಕಳಿಸಿದರು.  ಕೆಳಗೆ ವಾಯ್ಡ್ ಡೆಕ್ಕಿನ ಕಲ್ಲಿನ ಮೇಜಿನ ಹತ್ತಿರ ನಿಂತು, ತೃಷಾ ತುಳುವಿನಲ್ಲಿ ಶುರುಮಾಡಿದಳು. ಒಂದೇ ಕಾಲೇಜಿನಲ್ಲಿ ಓದಿದವರು ಅವರು, ಮಾತಿಗೆ ಮುಲಾಜು ಇರಲಿಲ್ಲ.

"ನಿನಗೆ ನಾಚಿಕೆ ಆಗಲಿಲ್ವಾ?"

"ಎಂತಕ್ಕೆ? ನಾನೆಂತ ಸುಳ್ಳು ಹೇಳಿದೆ? ಉಡುಪಿ ಅಂದೆ. ಉಡುಪಿಯೇ ಅಲ್ವಾ ನಮ್ದು?"

"ಕಾಂತಪ್ಪಣ್ಣನ ಬಗ್ಗೆ ಹಾಗೆ ಹೇಳುವಾಗ ನಕ್ಕೆಯಲ್ಲ."

"ಮತ್ತೆ ಎದ್ದು ಜಗಳ ಮಾಡಬೇಕಿತ್ತಾ?" ಗೌರವ್ ಮೇಜಿನ ಮೇಲೆ ಕೂತ. ಮುಖ ಬಾಡಿತ್ತು. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದಿದ್ದ. "ಎಷ್ಟು ಮನೆ ನೋಡಿದ್ದೇವೆ ಹೇಳು. ತಿಂಗಳು ಮುಗೀತಾ ಬಂತು. ನಿನ್ನನ್ನು ಎಲ್ಲಿಗೆ ಕರಕೊಂಡು ಹೋಗಲಿ ನಾನು? ಅಗ್ರಿಮೆಂಟಿನ ಎರಡು ವರ್ಷ ಮೀನು ಹೊರಗೆ ತಿಂದ್ರಾಯ್ತು. ಯಾರಿಗೂ ನಷ್ಟ ಇಲ್ಲ."

"ನಾನು ಅವರಿಗೆ ಹೇಳ್ತೇನೆ."

"ಹೇಳು. ಹೇಳಿ, ನಿನ್ನ ಅಮ್ಮನಿಗೂ ಫೋನ್ ಮಾಡಿ ಬರಬೇಡಿ ಅಂತ ಹೇಳು," ಎಂದ ಅವನು. ಆಮೇಲೆ ತಗ್ಗಿದ ದನಿಯಲ್ಲಿ, "ಪ್ಲೀಸ್ ತೃಷಾ. ಮಗು ಆಗುವ ತನಕ ಆದ್ರೂ ಸುಮ್ಮನಿರು," ಅಂದ. ಅವಳು ಅವನ ಪಕ್ಕದಲ್ಲಿ ಕೂರಲಿಲ್ಲ. ಬಸ್ಸಿನಲ್ಲಿಯೂ ಬೇರೆ ಸೀಟಿನಲ್ಲಿ ಕೂತಳು.

ಭಾನುವಾರ ನಳಿನಿ ತಾವೇ ಸ್ಟೀಲಿನ ಪಾತ್ರೆ, ಹಾಲು, ಅರಿಸಿನ ಕುಂಕುಮ, ಬಾಗಿಲಿಗೆ ಅಂಟಿಸುವ ರಂಗೋಲಿ ಸ್ಟಿಕ್ಕರ್ ಎಲ್ಲ ತಂದಿದ್ದರು. ಬಸುರಿಯ ಕೈಯಿಂದಲೇ ಒಲೆ ಹಚ್ಚಿಸಿದರು. ಪೂರ್ವಕ್ಕೆ ಯಾವ ಬದಿ ಅಂತ ದ್ವಾರಕನಾಥ್ ಫೋನಿನಲ್ಲಿ ನೋಡಿ ಹೇಳಿದರು. ಹಾಲು ಕಾಯುವ ತನಕ ನಳಿನಿ ತೃಷಾಳ ಜಡೆಗೆ ಒಂದು ತುಂಡು ಮಲ್ಲಿಗೆ ಮುಡಿಸಿ, ಲಿಟ್ಲ್ ಇಂಡಿಯಾಕ್ಕೆ ಹೋಗಿ ತಂದದ್ದು ಅಂದರು. ಅಷ್ಟು ಪ್ರೀತಿ ತೋರಿಸಿದ ಹೊರಗಿನವರು ಆ ಊರಿನಲ್ಲಿ ಕಾಂತಪ್ಪಣ್ಣನ ಮನೆಯವರು ಬಿಟ್ಟರೆ ಅವರೇ. 

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. "ಶುಭವಾಯ್ತು," ಎಂದು ನಳಿನಿ ಕೈ ಮುಗಿದರು. "ಅಂದಹಾಗೆ ಕೇಳೋದೇ ಮರೆತೆ, ನೀವು ಯಾವ ಮಠದವರು? ನಮ್ಮ ಚಿಕ್ಕಪ್ಪ ಪರ್ಯಾಯಕ್ಕೆಲ್ಲ ತಪ್ಪದೆ ಹೋಗ್ತಾರೆ. ಅವರಿಗೆ ಹೇಳಿದ್ರೆ ಖುಷಿ ಪಡ್ತಾರೆ."

ಗೌರವ್ ಕೆಮ್ಮಿದ. "ನಾವು ಆಂಟಿ... ಆ ಕೃಷ್ಣ ಮಠ ಇದ್ಯಲ್ಲ... ನಮ್ಮ ತಾತ ಎಲ್ಲ ಅಲ್ಲಿಗೇ..."

ಅವನ ತಾತ ಕಾಪುವಿನ ಕಡಲಲ್ಲಿ ಬಲೆ ಎಳೆಯುವವರ ದೋಣಿಗೆ ಮರ ಕೂರಿಸುವ ಕೆಲಸ ಮಾಡಿ ಸತ್ತವರು. ಮಠದ ಪೌಳಿಯೊಳಗೆ ಊಟಕ್ಕೂ ಕೂತವರಲ್ಲ. ಸತ್ತ ಅಜ್ಜನನ್ನು ಹೀಗೆ ಒಂದು ಬಾಡಿಗೆ ಮನೆಗೋಸ್ಕರ ವೇಷ ಹಾಕಿಸಿ ನಿಲ್ಲಿಸಿದ್ದನ್ನು ತೃಷಾಳಿಂದ ತಡೆದುಕೊಳ್ಳಲಾಗಲಿಲ್ಲ.

"ಆಂಟಿ, ನಾವು ಯಾವ ಮಠದವರೂ ಅಲ್ಲ," ಎಂದಳು. "ನಾವು ಬಿಲ್ಲವರು. ಮೀನು ತಿನ್ನೋರು. ನನ್ನ ಅಪ್ಪ ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡ್ತಾರೆ. ನಮ್ಮ ಮನೇಲಿ ಮೀನಿಲ್ಲದೆ ಊಟ ಇಲ್ಲ. ಕಾಂತಪ್ಪಣ್ಣ ನಮಗೆ ಬೇಕಾದವರು. ಈ ಮನೆ ಇದೆ ಅಂತ ನಮಗೆ ಹೇಳಿದ್ದೇ ಅವರು."

ಚೆಲ್ಲಿದ ಹಾಲು ಒಲೆಯ ಮೇಲೆ ಸೀದು ವಾಸನೆ ಬಂತು. ಯಾರೂ ಆರಿಸಲು ಹೋಗಲಿಲ್ಲ. ದ್ವಾರಕನಾಥ್ ಬಾಲ್ಕನಿಯೇ ಇಲ್ಲದ ಆ ಮನೆಯಲ್ಲಿ ಕಿಟಕಿಯ ಹತ್ತಿರ ಹೋಗಿ ಹೊರಗೆ ಏನನ್ನೋ ನೋಡತೊಡಗಿದರು. ಗೌರವ್ ಕಣ್ಣು ಮುಚ್ಚಿದ್ದ. ತೃಷಾ ಬ್ಯಾಗು ಹೆಗಲಿಗೇರಿಸಿಕೊಂಡಳು. ಮನೆ ಹೋಯಿತು ಅಂತ ಅವಳಿಗೆ ಗೊತ್ತಾಯಿತು. ಅಳು ಬರುವಂತಿದ್ದರೂ, ಎಷ್ಟೋ ದಿನದ ಮೇಲೆ ಬೆನ್ನು ನೆಟ್ಟಗಾಗಿತ್ತು. ನಳಿನಿ ಬೈದರೆ ಏನು ಹೇಳಬೇಕು ಅನ್ನುವುದನ್ನು ಬಸ್ಸಿನಲ್ಲೇ ಯೋಚಿಸಿಟ್ಟುಕೊಂಡಿದ್ದಳು. ಆ ಬಸ್ ಸ್ಟಾಪು, ಆ ಸೂಟ್‌ಕೇಸು, ಆ ಒಗ್ಗರಣೆ, ಎಲ್ಲವನ್ನೂ ತೆಗೆದು ಅವರ ಮುಂದಿಡಬೇಕು ಅಂತ.

ನಳಿನಿ ಬೈಯಲಿಲ್ಲ. ಒಲೆ ಆರಿಸಿ, ತೃಷಾಳ ಕೆನ್ನೆ ತಟ್ಟಿದರು.

"ಅಯ್ಯೋ, ಅಷ್ಟೇನಾ? ಅದಕ್ಕೆ ಇಷ್ಟು ಟೆನ್ಷನ್ ಮಾಡ್ಕೊಂಡ್ಯಾ? ನಾವು ಜಾತಿಗೀತಿ ನೋಡೋರಲ್ಲಮ್ಮ. ನಮ್ಮ ವರ್ಣಿಕಾ ಮದುವೆ ಆಗ್ತಿರೋದೇ ಚೈನೀಸ್ ಹುಡುಗನ್ನ, ನಾವೇನಾದ್ರೂ ಅಂದ್ವಾ? ಪಾಪ, ನಮ್ಮನೆಗೆ ಬಂದ್ರೆ ಅವನು ವೆಜ್ಜೇ ತಿನ್ನೋದು." ಆಮೇಲೆ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿ ಹೇಳಿದರು, "ಮತ್ತೆ ನಿಮ್ಮನ್ನ ನೋಡಿದ್ರೆ ಹಾಗೆ ಅನ್ನಿಸೋದೇ ಇಲ್ವಲ್ಲ. ಎಷ್ಟು ಕ್ಲೀನಾಗಿದೀರ ಇಬ್ರೂ. ಆ ಕಾಂತಪ್ಪ ಅವರ ಥರ ಅಲ್ವೇ ಅಲ್ಲ ನೀವು."

ತೃಷಾ ಹೆಗಲ ಮೇಲಿನ ಬ್ಯಾಗಿನ ಪಟ್ಟಿಯನ್ನು ಸರಿಮಾಡಿಕೊಂಡಳು.

"ಹೊರಗಡೆ ಏನು ಬೇಕಾದ್ರೂ ತಿನ್ನಿ, ನಾನು ಕೇಳೋಳಲ್ಲ. ಮನೆ ಒಳಗೆ ಮಾತ್ರ ಬೇಡ. ಪಾರ್ಸೆಲ್ ಕೂಡ ತರ್ಬೇಡಿ, ಫ್ರಿಜ್ ನಮ್ದು ನೋಡಿ. ನಿಮ್ಮಮ್ಮ ಬರ್ತಾರಲ್ಲ, ಅವರಿಗೂ ಮೊದ್ಲೇ ಹೇಳಿಬಿಡು, ಹಳೇ ಕಾಲದವರಿಗೆ ಗೊತ್ತಾಗಲ್ಲ. ನಾನೂ ಆಗಾಗ ಬಂದು ನೋಡ್ಕೊಂಡು ಹೋಗ್ತಿರ್ತೀನಿ. ಬಾಣಂತಿ ಇರೋ ಮನೆ, ಸಹಾಯಕ್ಕೊಬ್ರು ಬೇಕಾಗತ್ತೆ." ಅಂದು, ಅವಳ ಹಣೆಗೆ ಕುಂಕುಮವಿಟ್ಟು, ಅಂಗೈ ಬಿಡಿಸಿ, ಬೀಗದ ಕೈಯನ್ನು ಇಟ್ಟರು.

"ಥ್ಯಾಂಕ್ಸ್ ಆಂಟಿ," ಎಂದ ಗೌರವ್.

ಬೀಗದ ಕೈಯನ್ನು ಅಲ್ಲೇ ಅಡುಗೆಕಟ್ಟೆಯ ಮೇಲಿಟ್ಟು ಹೊರಟುಬಿಡಬಹುದಿತ್ತು. ತೃಷಾ ಇಡಬೇಕೆಂದೇ ಕೈ ಚಾಚಿದಳು. ಕಟ್ಟೆಯ ಆಚೆ ಸಣ್ಣ ಕೋಣೆಯ ಬಾಗಿಲು ತೆರೆದಿತ್ತು, ಅಮ್ಮ ಮಲಗುವ ಕೋಣೆ. ತಿಂಗಳು ಮುಗಿಯಲು ಉಳಿದದ್ದು ಕೆಲವೇ ದಿನ. ಚಾಚಿದ ಕೈಯ ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು. ಹಾಗೆ ಮುಚ್ಚಿಕೊಂಡ ಬೆರಳುಗಳು ತನ್ನವೇ ಅನ್ನುವುದನ್ನು ಅವಳು ಹೇಗೂ ಅಲ್ಲಗಳೆಯುವಂತಿರಲಿಲ್ಲ. ಬಚ್ಚಲಿಗೆ ಓಡಿಹೋಗಿ ವಾಂತಿ ಮಾಡಿದಳು.

ಹಿಂದೆಯೇ ಬಂದ ನಳಿನಿ ಅವಳ ಹಣೆ ಹಿಡಿದುಕೊಂಡು, ಬೆನ್ನು ನೀವಿದರು. "ಹೋಗಲಿ, ಹೋಗಲಿ, ಎಲ್ಲ ಹೊರಗೆ ಹೋಗ್ಬಿಡ್ಲಿ," ಅನ್ನುತ್ತಿದ್ದರು. ಆ ಕೈಯಲ್ಲಿ ನಿಜವಾದ ಅಕ್ಕರೆ ಇತ್ತು. ಅದೇ ಅವಳಿಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು. ಕೆಟ್ಟ ಕೈ ಆಗಿದ್ದರೆ ಕೊಡವಿ ಹಾಕಬಹುದಿತ್ತು.

ಅವರು ಹೋದ ಮೇಲೆ ಗೌರವ್ ಸೀದ ಹಾಲನ್ನು ಉಜ್ಜಿ ತೆಗೆಯುತ್ತಿದ್ದಾಗ ಕಾಂತಪ್ಪನ ಫೋನ್ ಬಂತು. ಕೈ ಒದ್ದೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದ. ಮನೆ ಸಿಕ್ಕಿತು ಅಂತ ಕೇಳಿ ಕಾಂತಪ್ಪನಿಗೆ ತನಗೇ ಸಿಕ್ಕಷ್ಟು ಖುಷಿ. "ನಾನು ಹೇಳಿರಲಿಲ್ವಾ, ಒಳ್ಳೆ ಜನ ಅಂತ? ಸಾಮಾನು ಸಾಗಿಸ್ಲಿಕ್ಕೆ ನಾನು ಬರ್ತೇನೆ, ವ್ಯಾನು ಎಲ್ಲ ನಾನು ನೋಡಿಕೊಳ್ತೇನೆ."

"ಬೇಡ ಅಣ್ಣ, ನಿಮಗ್ಯಾಕೆ ತೊಂದರೆ," ಎಂದ ಗೌರವ್. ಆ ಮನೆಗೆ ಕಾಂತಪ್ಪ ಬಂದರೆ ಎಲ್ಲಿ ಕೂರಿಸುವುದು ಅಂತ ಅವನೂ ಯೋಚಿಸಿರಬೇಕು. ತೃಷಾಳ ಕಡೆ ಮಾತ್ರ ನೋಡಲಿಲ್ಲ.  ಇನ್ನು ಅವನಿಗೆ ಏನಾದರೂ ಅನ್ನುವ ಅಧಿಕಾರ ಅವಳಿಗಿರಲಿಲ್ಲ, ಬೀಗದ ಕೈ ಅವಳ ಮುಷ್ಟಿಯಲ್ಲಿತ್ತು.

ಸಂಜೆಯ ಹೊತ್ತಿಗೆ ಸುಂದರಿ ವಿಡಿಯೋ ಕಾಲ್ ಮಾಡಿದಳು. ತೃಷಾ ಫೋನ್ ಹಿಡಿದು ಮನೆಯನ್ನೆಲ್ಲ ಸುತ್ತಿಸಿ ತೋರಿಸಿದಳು. ಅಡುಗೆಮನೆ ನೋಡಿ ಸುಂದರಿಗೆ ತೃಪ್ತಿಯಾಯಿತು. ಕಿಟಕಿ ಒಳ್ಳೆಯದುಂಟು, ಒಲೆ ಸ್ವಲ್ಪ ಎತ್ತರ ಆಯಿತು ಅಂದಳು.

"ನಾನು ಈಗಲೇ ತಯಾರಿ ಶುರುಮಾಡಿದ್ದೇನೆ ಮಗಾ. ಮಳೆ ಹಿಡಿಯುವ ಮುಂಚೆ ತಾಟೆ ಮೀನು ಒಣಗಿಸಿ ಇಡಬೇಕು. ಬಾಣಂತಿಗೆ ಹಾಲು ಬರಲಿಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಬಂದರಿನಲ್ಲಿ ಹೇಳಿಟ್ಟಿದ್ದೇನೆ, ಸಣ್ಣ ತಾಟೆ ಬಂದ್ರೆ ನನಗೆ ಅಂತ."

"ಬೇಡ ಅಮ್ಮ. ಅದೆಲ್ಲ ತರುವುದು ಬೇಡ."

"ಯಾಕೆ? ವಿಮಾನದಲ್ಲಿ ಬಿಡುವುದಿಲ್ವಾ?"

"ಅದ್ಕಲ್ಲ. ಮನೆಯವರಿಗೆ..." ತೃಷಾ ಫೋನನ್ನು ಕಿಟಕಿಯ ಕಡೆ ತಿರುಗಿಸಿದಳು.

"ಓ, ಚೀನಾದವರ ಮನೆಯಾ? ಅವರೂ ಮೀನು ತಿನ್ನುವವರೇ ಅಂತ ಹೇಳಿದ್ದೆಯಲ್ಲ. ಅವರಿಗೆಂತ ವಾಸನೆ?"

"ಚೀನಾದವರಲ್ಲಮ್ಮ. ಕನ್ನಡದವರು. ಬೆಂಗಳೂರಿನವರು."

ಫೋನಿನ ಪರದೆಯಲ್ಲಿ ಸುಂದರಿಯ ಮುಖ ಬೆಳಗಿತು. "ದೇವರು ದೊಡ್ಡವನು," ಎಂದಳು. "ನಮ್ಮವರೇ ಸಿಕ್ಕಿದರಲ್ಲ. ಹಾಗಾದರೆ ನೀನು ಹೆದರುವುದೆಂತಕ್ಕೆ? ಅವರಿಗೂ ಒಂದು ಕಟ್ಟು ತರುತ್ತೇನೆ."